ಡಯಲ್ ಇಡದೆ ಕೊಳ್ಳಬಹುದೇ ಕೋಟಿಯ ಕಾರು?

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅಪ್ಪ ತಿಂಡಿ ತಟ್ಟೆ ಪಕ್ಕಕ್ಕೆ ಸರಿಸಿ ತಮ್ಮ ಮೊಬೈಲ್ ನನ್ನ ಮುಂದಿಟ್ಟರು. ಅದರಲ್ಲೊಂದು ಬೂದು ಬಣ್ಣದ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿ. 2021ರ ಮಾಡೆಲ್, ಒಬ್ಬರೇ ಓನರ್, 38 ಸಾವಿರ ಕಿಲೋಮೀಟರ್ ಓಡಿದೆ. ಹೊಸದಾಗಿ ಬಂದಾಗ ಕೋಟಿ ರೂಪಾಯಿ ಆಸುಪಾಸಿನ ಗಾಡಿ. ಈಗ ಕೇಳುತ್ತಿರುವುದು 42 ಲಕ್ಷ.

‘ನೀನು ಎಲೆಕ್ಟ್ರಿಕಲ್ ಓದ್ತಿದೀಯಲ್ಲ, ಹೇಳು. ತಗೋಬಹುದಾ?’

ಗೆಳೆಯರೇ, ಮನೆಯಲ್ಲಿ ಒಬ್ಬ ಬಿ.ಇ. ಓದುತ್ತಿದ್ದರೆ ಮಿಕ್ಸಿಯಿಂದ ಹಿಡಿದು ಮೀಟರ್ ಬೋರ್ಡ್‌ವರೆಗೆ ಎಲ್ಲದಕ್ಕೂ ಅವನೇ ಜವಾಬು ಹೇಳಬೇಕು. ಇಷ್ಟು ದಿನ ಹೇಗೋ ದಾಟಿಕೊಂಡು ಬಂದಿದ್ದೆ. ಈ ಪ್ರಶ್ನೆಗೆ ಮಾತ್ರ ನನ್ನ ಬಳಿ ಉತ್ತರವಿರಲಿಲ್ಲ. ಲಿಥಿಯಂ ಅಯಾನ್ ಸೆಲ್ಲಿನ ಚಿತ್ರ ಬರೆದು ಭಾಗ ಗುರುತಿಸು ಎಂದರೆ ಗುರುತಿಸುತ್ತೇನೆ. ನಾಲ್ಕು ವರ್ಷ ಓಡಿದ ಬ್ಯಾಟರಿ ಚೆನ್ನಾಗಿದೆಯಾ ಎಂದರೆ?

ನಮ್ಮದು ಟಿ. ದಾಸರಹಳ್ಳಿ. ತುಮಕೂರು ರಸ್ತೆಯಿಂದ ಒಳಗೆ ಬಂದರೆ 20×30 ಸೈಟಿನಲ್ಲಿ ಮನೆ. ಪೀಣ್ಯದಲ್ಲಿ ಅಪ್ಪನದ್ದೊಂದು ಚಿಕ್ಕ ಶೆಡ್, ಎರಡು ಲೇತ್, ಒಂದು ಹಳೆಯ ಸಿಎನ್‌ಸಿ, ನಾಲ್ಕು ಜನ ಕೆಲಸಗಾರರು. ದೊಡ್ಡ ಕಂಪನಿಗಳಿಗೆ ಜಾಬ್‌ವರ್ಕ್ ಮಾಡಿಕೊಡುತ್ತಾರೆ. ಅವರ ಹದಿಮೂರು ವರ್ಷದ ಸಣ್ಣ ಕಾರು ಕಂಪನಿಗಳ ಗೇಟಿನ ಮುಂದೆ ನಿಂತರೆ ಸೆಕ್ಯುರಿಟಿಯವರು ‘ಹೊರಗಡೆ ಹಾಕಿ’ ಅನ್ನುತ್ತಾರೆ. ಹಿಂದೆ ಬರುವ ದೊಡ್ಡ ಕಾರಿಗೆ ಹೆಸರನ್ನೂ ಕೇಳದೆ ಗೇಟ್ ತೆಗೆಯುತ್ತಾರೆ. ಅಪ್ಪನಿಗೆ ಕಾರು ಬೇಕಾಗಿದ್ದು ಆ ಗೇಟಿಗಾಗಿ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೂ ನನಗೆ ಗೊತ್ತು. ನನಗೂ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಆ ಕಾರಿನಲ್ಲಿ ಕಾಲೇಜಿಗೆ ಹೋಗಿ ಇಳಿಯುವುದನ್ನು ತಿಂಡಿ ಮುಗಿಯುವುದರೊಳಗೆ ಎರಡು ಸಲ ಕಲ್ಪಿಸಿಕೊಂಡಿದ್ದೆ.

ಕೈಯಲ್ಲಿದ್ದ ಹಣ 22 ಲಕ್ಷ. ಅದು ಸೆಕೆಂಡ್ ಹ್ಯಾಂಡ್ ವಿಎಂಸಿ ಮಷೀನಿಗೆಂದು ವರ್ಷಗಟ್ಟಲೆ ಕೂಡಿಟ್ಟ ಹಣ. ಉಳಿದ 20 ಲಕ್ಷಕ್ಕೆ ಸಾಲ. ಹಾಗಾಗಿ ಪ್ರಶ್ನೆ ಬರೀ ಕಾರಿನದ್ದಾಗಿರಲಿಲ್ಲ.

ಮೊದಲು ಬೆಲೆಯ ವಿಷಯ. ಭಾರತಕ್ಕೆ ಮೊದಲು ಬಂದ ಐಷಾರಾಮಿ ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ನೋಡಿ. ಮರ್ಸಿಡಿಸ್ ಇಕ್ಯೂಸಿ 2020ರ ಅಕ್ಟೋಬರ್‌ನಲ್ಲಿ 99.30 ಲಕ್ಷಕ್ಕೆ ಬಂತು. ಜಾಗ್ವಾರ್ ಐ-ಪೇಸ್ 2021ರ ಮಾರ್ಚ್‌ನಲ್ಲಿ ಕೋಟಿ ದಾಟಿದ ಬೆಲೆಗೆ, ಆಡಿ ಇ-ಟ್ರಾನ್ ಅದೇ ಜುಲೈನಲ್ಲಿ 99.99 ಲಕ್ಷದಿಂದ. ಈ ಮೂರೂ ಈಗ ಹೊಸದಾಗಿ ತಯಾರಾಗುತ್ತಿಲ್ಲ. ಆಗ ಕೊಂಡವರು ಈಗ ಮಾರುತ್ತಿದ್ದಾರೆ. ಇಂಥ ಕಾರುಗಳ ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅಂದರೆ 2021ರ ಕಾರಿಗೆ 2029ಕ್ಕೆ ಮುಗಿಯಿತು. ನಮ್ಮ ಸಾಲವೋ ಐದು ವರ್ಷದ್ದು. ವಾರಂಟಿ ಮುಗಿದ ಮೇಲೂ ಇಎಂಐ ಇರುತ್ತದೆ!

‘ಪೆಟ್ರೋಲ್ ಉಳಿಯುತ್ತಲ್ಲ’ ಎಂದರು ಅಪ್ಪ. ಸರಿ, ಲೆಕ್ಕ ಹಾಕಿದೆವು. ಅಪ್ಪ ತಿಂಗಳಿಗೆ ಓಡಿಸುವುದು ಸುಮಾರು 800 ಕಿಲೋಮೀಟರ್. ಹಳೆಯ ಕಾರು ಲೀಟರಿಗೆ 16 ಕೊಡುತ್ತದೆ. 50 ಲೀಟರ್ ಪೆಟ್ರೋಲ್, 103 ರೂಪಾಯಿಯಂತೆ 5,150 ರೂಪಾಯಿ. ಎರಡೂವರೆ ಟನ್ ತೂಗುವ ಎಲೆಕ್ಟ್ರಿಕ್ ಎಸ್‌ಯುವಿಗೆ 100 ಕಿಲೋಮೀಟರಿಗೆ 25 ಯೂನಿಟ್ ಹಿಡಿದರೆ ತಿಂಗಳಿಗೆ 200 ಯೂನಿಟ್.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, ‘ಗೃಹಜ್ಯೋತಿ ಹೋಗುತ್ತಲ್ರೀ?’ ಎಂದರು.

ನಮ್ಮ ಲೆಕ್ಕದಲ್ಲಿ ಅದು ಬಂದೇ ಇರಲಿಲ್ಲ. ಮನೆಗೆ ಈಗ 110 ಯೂನಿಟ್ ಆಗುತ್ತದೆ, ಬಿಲ್ಲು ಸೊನ್ನೆ. ಕಾರಿನ 200 ಸೇರಿದರೆ 310. ಬಳಕೆ 200 ಯೂನಿಟ್ ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೂ 1,860, ಮೇಲೆ ನಿಗದಿತ ಶುಲ್ಕ. ಕೊನೆಗೆ ಉಳಿಯುವುದು ತಿಂಗಳಿಗೆ ಮೂರು ಸಾವಿರದ ಆಸುಪಾಸು. 20 ಲಕ್ಷ ಸಾಲಕ್ಕೆ ಶೇ 10ರ ಬಡ್ಡಿಯಲ್ಲಿ ಐದು ವರ್ಷದ ಇಎಂಐ ಸುಮಾರು 42,500 ರೂಪಾಯಿ. ಪೆಟ್ರೋಲ್ ಉಳಿತಾಯದ ಮಾತು ಅಲ್ಲಿಗೇ ನಿಂತಿತು.

ಚಾರ್ಜಿಂಗ್ ಇನ್ನೊಂದು ತಲೆನೋವು. ಇಕ್ಯೂಸಿಯಂಥ ಕಾರಿನ ಬ್ಯಾಟರಿ 80 ಕಿಲೋವ್ಯಾಟ್ ಅವರ್, ಕರೆಂಟ್ ಬಿಲ್ಲಿನ ಭಾಷೆಯಲ್ಲಿ 80 ಯೂನಿಟ್. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಹೆಚ್ಚೆಂದರೆ ಮೂರು ಚಿಲ್ಲರೆ ಯೂನಿಟ್ ಬರುತ್ತದೆ. ಖಾಲಿ ಬ್ಯಾಟರಿ ತುಂಬಲು 24 ಗಂಟೆಯೂ ಸಾಲದು. 7.4 ಕಿಲೋವ್ಯಾಟಿನ ಚಾರ್ಜರ್ ಗೋಡೆಗೆ ಹಾಕಿಸಿದರೆ ರಾತ್ರಿ ಹಚ್ಚಿ ಬೆಳಿಗ್ಗೆ ತೆಗೆಯಬಹುದು, ಆದರೆ ನಮ್ಮ ಮೂರು ಕಿಲೋವ್ಯಾಟ್ ಮಂಜೂರಾತಿಗೆ ಅದು ಆಗದು, ಬೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳಬೇಕು. ಅದೂ ಆಯಿತೆನ್ನಿ, ಗಾಡಿ ನಿಲ್ಲಿಸುವುದೆಲ್ಲಿ? ನಮ್ಮ ಮನೆಗೆ ಪೋರ್ಟಿಕೊ ಇಲ್ಲ. ಮೊದಲ ಮಹಡಿಯಿಂದ ರಸ್ತೆಗೆ ವೈರ್ ಇಳಿಬಿಟ್ಟು ಮಳೆಯಲ್ಲಿ ಚಾರ್ಜ್ ಮಾಡುವ ಉಪಾಯವನ್ನು ಎಲೆಕ್ಟ್ರಿಕಲ್ ಓದುವ ಹುಡುಗ ಮಾತ್ರ ಹೇಳಬಾರದು.

ಇಷ್ಟಾದರೂ ಅಪ್ಪನ ಆಸೆ ಪೂರ್ತಿ ಹೋಗಲಿಲ್ಲ. ‘ಒಂದ್ಸಲ ನೋಡ್ಕೊಂಡಾದ್ರೂ ಬರೋಣ ಬಾ’ ಎಂದು ನಗರದ ಇನ್ನೊಂದು ತುದಿಗೆ ಕರೆದುಕೊಂಡು ಹೋದರು.

ಕಾರು ನಿಜಕ್ಕೂ ಚೆನ್ನಾಗಿತ್ತು. ಬಾಗಿಲು ಹಾಕಿದರೆ ಹೊರಗಿನ ಲೋಕವೇ ಬಂದ್. ನಾನು ಮಾರುವವರನ್ನು ಕೇಳಿದೆ, ‘ಬ್ಯಾಟರಿ ಹೆಲ್ತ್ ರಿಪೋರ್ಟ್ ಇದೆಯಾ ಸರ್?’

‘ಡಿಸ್‌ಪ್ಲೇನಲ್ಲಿ ರೇಂಜ್ ತೋರಿಸ್ತಿದೆಯಲ್ಲ ಬ್ರದರ್, ಮುನ್ನೂರು ಚಿಲ್ಲರೆ.’

ರೇಂಜ್ ಎಂದು ತೋರಿಸುವುದು ಅಳತೆಯಲ್ಲ, ಅಂದಾಜು. ಇತ್ತೀಚೆಗೆ ಹೇಗೆ ಓಡಿಸಿದ್ದೀರಿ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ನೋಡಬೇಕಾದ್ದು ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆ ಎಂಬುದನ್ನು. ಕಂಪನಿಯ ಸರ್ವಿಸ್ ಸೆಂಟರಿನ ಉಪಕರಣದಲ್ಲಿ ಅದು ಸಿಗುತ್ತದೆ. ಇಲ್ಲದಿದ್ದರೆ ಒರಟಾದ ಒಂದು ದಾರಿ ಇದೆ. ಬ್ಯಾಟರಿ ಶೇ 20ಕ್ಕೆ ಇಳಿದಾಗ ಫಾಸ್ಟ್ ಚಾರ್ಜರಿಗೆ ಹಾಕಿ ಶೇ 80ರವರೆಗೆ ತುಂಬಿಸಿ, ಎಷ್ಟು ಯೂನಿಟ್ ಹೋಯಿತು ನೋಡಿ. 80 ಯೂನಿಟ್ಟಿನ ಬ್ಯಾಟರಿಗೆ 48 ಹೋಗಬೇಕು. 38ಕ್ಕೇ ತುಂಬಿದರೆ, 38ನ್ನು 0.6ರಿಂದ ಭಾಗಿಸಿ, ಬ್ಯಾಟರಿ 63ಕ್ಕೆ ಇಳಿದಿದೆ ಎಂದು ತಿಳಿಯಬಹುದು. ಸ್ವಲ್ಪ ನಷ್ಟವೂ ಸೇರಿರುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ಇದು ವಾಸಿ. ಹೀಗೆ ಮಾಡೋಣವೇ, ಚಾರ್ಜಿಂಗ್ ದುಡ್ಡು ನಾವೇ ಕೊಡುತ್ತೇವೆ ಎಂದೆ. ಅಷ್ಟೆಲ್ಲ ಟೈಮಿಲ್ಲ, ಬೇರೆ ಪಾರ್ಟಿ ಸಂಜೆ ಬರುತ್ತಿದ್ದಾರೆ ಎಂದರು.

ಅಪ್ಪ ಮಾತಾಡದೆ ಹೊರಗೆ ನಡೆದರು.

ಅಪ್ಪ ಜೀವನದಲ್ಲಿ ಒಂದೇ ಒಂದು ಹೊಸ ಮಷೀನ್ ಕೊಂಡಿಲ್ಲ. ಎಲ್ಲವೂ ಸೆಕೆಂಡ್ ಹ್ಯಾಂಡ್. ಹಳೆಯ ಲೇತ್ ನೋಡಲು ಹೋದರೆ ಬೆಡ್ಡಿನ ಮೇಲೆ ಅಂಗೈ ಆಡಿಸುತ್ತಾರೆ, ಸ್ಪಿಂಡಲ್ಲಿಗೆ ಡಯಲ್ ಗೇಜ್ ಇಟ್ಟು ಮುಳ್ಳು ಎಷ್ಟು ಅಲ್ಲಾಡುತ್ತದೆ ನೋಡುತ್ತಾರೆ. ಎಷ್ಟು ಸವೆದಿದೆ ಎಂದು ಗೊತ್ತಾದ ಮೇಲೇ ರೇಟಿನ ಮಾತು. ಸವೆದ ಮಷೀನನ್ನೂ ಕೊಂಡಿದ್ದಾರೆ, ಸವೆದಷ್ಟು ಕಡಿಮೆ ಕೊಟ್ಟು. ಸೆಕೆಂಡ್ ಹ್ಯಾಂಡ್ ಎಂದರೆ ಕೆಟ್ಟದ್ದು ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿಲ್ಲ. ಅಳೆಯಲು ಬಿಡದ ಮಾಲು ಬೇಡ, ಅಷ್ಟೇ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಒಂದು ಪ್ರಬಂಧ ಬರೆದರು. ಅದರ ಉದಾಹರಣೆಯೇ ಹಳೆಯ ಕಾರಿನ ಮಾರುಕಟ್ಟೆ. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲದಕ್ಕೂ ಕಡಿಮೆ ಕೇಳುತ್ತಾನೆ. ಒಳ್ಳೆಯ ಕಾರು ಇಟ್ಟುಕೊಂಡವನಿಗೆ ಆ ಬೆಲೆ ಗಿಟ್ಟುವುದಿಲ್ಲ, ಅವನು ಮಾರುವುದೇ ಇಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟವೇ ಹೆಚ್ಚಾಗುತ್ತವೆ. ಈ ಬಗೆಯ ಕೆಲಸಕ್ಕೆ ಅವರಿಗೆ 2001ರಲ್ಲಿ ನೊಬೆಲ್ ಸಿಕ್ಕಿತು. ಹಳೆಯ ಎಲೆಕ್ಟ್ರಿಕ್ ಕಾರಿನ ಮಟ್ಟಿಗೆ ಇದು ಇನ್ನೂ ನಿಜ. ಪೆಟ್ರೋಲ್ ಇಂಜಿನ್ ಆದರೆ ಹೊಗೆ, ಸದ್ದು ನೋಡಿ ಮೆಕ್ಯಾನಿಕ್ ಏನಾದರೂ ಹೇಳುತ್ತಾನೆ. ಬ್ಯಾಟರಿ ಹೊಗೆಯನ್ನೂ ಬಿಡುವುದಿಲ್ಲ, ಸದ್ದನ್ನೂ ಮಾಡುವುದಿಲ್ಲ.

ಬೆಂಗಳೂರಿಗೆ ಇದು ಹೊಸ ಪಾಠವೇನಲ್ಲ. ಅದೇ 2001ರಲ್ಲಿ ನಮ್ಮ ಊರಿನಲ್ಲೇ ತಯಾರಾದ ಚೇತನ್ ಮೈನಿಯವರ ರೇವಾ ರಸ್ತೆಗಿಳಿಯಿತು. ಎರಡು ಬಾಗಿಲಿನ ಪುಟ್ಟ ಕಾರು, ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಲೆಡ್ ಆಸಿಡ್ ಬ್ಯಾಟರಿಗಳ ಆಯುಸ್ಸು ಕೆಲವೇ ವರ್ಷ. ಹಳೆಯ ರೇವಾ ಕೊಳ್ಳುವವರು ಬಣ್ಣ, ಸೀಟು ನೋಡುತ್ತಿದ್ದರೆ ಸಾಲದು, ಬ್ಯಾಟರಿ ಯಾವಾಗ ಹಾಕಿಸಿದ್ದು ಎಂದೇ ಕೇಳಬೇಕಿತ್ತು. ಲಿಥಿಯಂ ಬ್ಯಾಟರಿ ಅದಕ್ಕಿಂತ ಎಷ್ಟೋ ಪಾಲು ಬಾಳುತ್ತದೆ, ಆದರೆ ಬದಲಿಸುವ ಖರ್ಚೂ ಅಷ್ಟೇ ದೊಡ್ಡದು. ಇಕ್ಯೂಸಿಯ ಬ್ಯಾಟರಿಯೊಂದೇ ಸುಮಾರು 650 ಕೆ.ಜಿ. ತೂಗುತ್ತದೆ.

ಹಾಗಂತ ಹಳೆಯ ಐಷಾರಾಮಿ ಎಲೆಕ್ಟ್ರಿಕ್ ಕಾರು ಯಾರೂ ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ. ಮನೆಯಲ್ಲೇ ಪಾರ್ಕಿಂಗ್, ಚಾರ್ಜರ್ ಇದ್ದು, ಬ್ಯಾಟರಿ ರಿಪೋರ್ಟ್ ಕೈಯಲ್ಲಿದ್ದು, ವಾರಂಟಿ ನಿಮ್ಮ ಹೆಸರಿಗೆ ಮುಂದುವರಿಯುತ್ತದೆ ಎಂದು ಕಂಪನಿ ಬರೆದುಕೊಟ್ಟು, ಸಾಲವಿಲ್ಲದೆ ಕೊಳ್ಳುವ ಶಕ್ತಿಯಿದ್ದರೆ ಅದು ಒಳ್ಳೆಯ ವ್ಯಾಪಾರವೇ ಇರಬಹುದು. ಬೇರೆ ರಾಜ್ಯದ ನಂಬರಿನ ಕಾರು ಇನ್ನೂ ಅಗ್ಗಕ್ಕೆ ಕಂಡರೆ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ಎಲೆಕ್ಟ್ರಿಕ್ ಕಾರುಗಳಿಗೆ ಶೇ 10ರ ಆಜೀವ ತೆರಿಗೆಯನ್ನು ಕರ್ನಾಟಕ 2024ರಲ್ಲಿ ತಂದಿದೆ. ಇವುಗಳಲ್ಲಿ ಒಂದೆರಡು ಇಲ್ಲದಿದ್ದರೂ 58 ಲಕ್ಷದ ರಿಯಾಯಿತಿ ರಿಯಾಯಿತಿಯಲ್ಲ. ಮೊದಲ ಓನರ್ ಇಳಿಸಿಹೋದ ಭಾರವನ್ನು ನಾವು ಹೊತ್ತುಕೊಂಡಂತೆ.

ಸರ್ಕಾರಕ್ಕೂ ಒಂದು ಮಾತು. ಪೆಟ್ರೋಲ್ ಗಾಡಿಗೆ ಹೊಗೆ ತಪಾಸಣೆಯ ಸರ್ಟಿಫಿಕೇಟ್ ಕಡ್ಡಾಯ. ಎಲೆಕ್ಟ್ರಿಕ್ ಗಾಡಿಗೆ ಅದು ಬೇಡ, ಸರಿಯೇ. ಹಾಗಿದ್ದರೆ ಮಾಲೀಕತ್ವ ಬದಲಾಗುವಾಗ ಬ್ಯಾಟರಿ ತಪಾಸಣೆಯ ಒಂದು ಕಾಗದವನ್ನಾದರೂ ಕಡ್ಡಾಯ ಮಾಡಬಾರದೇಕೆ? ಯುರೋಪಿಯನ್ ಒಕ್ಕೂಟದಲ್ಲಿ 2027ರ ಫೆಬ್ರುವರಿಯಿಂದ ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್ ಬರಲಿದೆ. ದೇಶದಲ್ಲೇ ಮೊದಲು, 2017ರಲ್ಲಿ, ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಇದನ್ನೂ ನಾವೇ ಮೊದಲು ಮಾಡಬಹುದು. ಕೋಟಿಯ ಕಾರಿಗಿಂತ ಹೆಚ್ಚಾಗಿ ಇದು ಬೇಕಾಗುವುದು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಆಟೊ ಕೊಳ್ಳುವ ಚಾಲಕನಿಗೆ, ಸ್ಕೂಟರ್ ಕೊಳ್ಳುವ ಡೆಲಿವರಿ ಹುಡುಗನಿಗೆ. ಅವರ ಬ್ಯಾಟರಿ ಕೈಕೊಟ್ಟರೆ ಅವತ್ತಿನ ಊಟವೇ ಹೋಗುತ್ತದೆ.

ವಾಪಸ್ ಬರುವಾಗ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡೆವು. ಬಹಳ ಹೊತ್ತು ಸುಮ್ಮನಿದ್ದ ಅಪ್ಪ, ‘ಕಾರು ಚೆನ್ನಾಗಿತ್ತು ಕಣೋ’ ಎಂದರು. ಸಿಗ್ನಲ್ ಬಿಟ್ಟ ಮೇಲೆ, ‘ಆ ಬ್ಯಾಟರಿ ನೋಡೋದು ಹೇಗೆ ಅಂತ ನೀನು ಸರಿಯಾಗಿ ಕಲಿ. ಮುಂದೆ ಎಲ್ಲರೂ ಅದನ್ನೇ ಕೇಳ್ತಾರೆ’ ಎಂದರು.

ಕೆಲಸ ಹುಡುಕುತ್ತಿರುವ ಗೆಳೆಯರಿಗೂ ಅದೇ ಮಾತು ಹೇಳಬಯಸುತ್ತೇನೆ. ನಾವೆಲ್ಲ ಕೋಡಿಂಗ್ ಒಂದರ ಹಿಂದೆಯೇ ಓಡುತ್ತಿದ್ದೇವೆ. ಇವತ್ತು ರಸ್ತೆಯಲ್ಲಿರುವ ಎಲೆಕ್ಟ್ರಿಕ್ ಗಾಡಿಗಳೆಲ್ಲ ಒಂದು ದಿನ ಸೆಕೆಂಡ್ ಹ್ಯಾಂಡ್ ಆಗಲೇಬೇಕು. ಅವುಗಳಿಗೆ ಡಯಲ್ ಇಟ್ಟು ನೋಡುವವರು ಬೇಕಲ್ಲವೇ? ನಾನು ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಹಳೆಯ ಸ್ಕೂಟರ್ ಬ್ಯಾಟರಿಯ ಸಾಮರ್ಥ್ಯ ಅಳೆಯುವ ವಿಷಯವನ್ನೇ ತೆಗೆದುಕೊಂಡಿದ್ದೇನೆ.

22 ಲಕ್ಷ ಬ್ಯಾಂಕಿನಲ್ಲೇ ಇದೆ, ಅಪ್ಪ ವಿಎಂಸಿ ನೋಡಲು ಹೋಗಿಬರುತ್ತಿದ್ದಾರೆ. ಆ ಬೂದು ಕಾರಿನ ಫೋಟೊ ಅವರ ಮೊಬೈಲಿನಲ್ಲಿ ಇನ್ನೂ ಇದೆ. ಅವರು ಅಳಿಸಿಲ್ಲ. ನಾನೂ ಅಳಿಸಿ ಎಂದಿಲ್ಲ.

–ಬಿ.ಇ. 5ನೇ ಸೆಮಿಸ್ಟರ್ ವಿದ್ಯಾರ್ಥಿ, ಟಿ. ದಾಸರಹಳ್ಳಿ, ಬೆಂಗಳೂರು