ಕೈಗಾದಲ್ಲಿ ಅಪಾಯದ ಗಂಟೆ ಹೊಡೆದರೆ ಮೊದಲ ಅಂಕಿ ಯಾರ ಕೈಗೆ ಬರಬೇಕು?

2025ರ ಜೂನ್ ತಿಂಗಳ ಆ ಎರಡು ವಾರಗಳನ್ನು ನಮ್ಮ ಕರಾವಳಿಯ ಮನೆಗಳು ಅಷ್ಟು ಬೇಗ ಮರೆಯಲಾರವು. ಇರಾನಿನ ಅಣು ಕೇಂದ್ರಗಳ ಮೇಲೆ ಮೊದಲು ಇಸ್ರೇಲ್, ಆಮೇಲೆ ಜೂನ್ 22ರಂದು ಅಮೆರಿಕ ಬಾಂಬ್ ಹಾಕಿದಾಗ ಕೊಲ್ಲಿಯ ಆಚೆ ದಡದಲ್ಲಿ ಇದ್ದದ್ದು ನಮ್ಮ ಮಕ್ಕಳು. ದುಬೈ, ಅಬುಧಾಬಿ, ದೋಹಾ, ಜುಬೈಲ್‌ನಲ್ಲಿ ದುಡಿಯುವ ಮಗನಿಗೆ ಊರಿನಿಂದ ಉಮ್ಮ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಅಲ್ಲಿ ಗಾಳಿ, ನೀರು ಸರಿ ಇದೆಯಾ ಮೋನೇ?" ಜೂನ್ 19ರಂದು ಇಸ್ರೇಲ್ ಸೇನೆಯ ವಕ್ತಾರರೊಬ್ಬರು ಬುಶೆಹರ್ ಅಣು ವಿದ್ಯುತ್ ಸ್ಥಾವರದ ಮೇಲೂ ದಾಳಿ ನಡೆದಿದೆ ಎಂದರು. ಸ್ವಲ್ಪ ಹೊತ್ತಿನಲ್ಲೇ ಅದು ತಪ್ಪು ಹೇಳಿಕೆ ಎಂಬ ಮಾತು ಸೇನೆಯ ಕಡೆಯಿಂದಲೇ ಬಂತು. ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುವ ಕೊಲ್ಲಿ ದೇಶಗಳಿಗೆ ಬುಶೆಹರ್ ಅಂದರೆ ತಮಾಷೆಯ ವಿಷಯವಲ್ಲ.

ಆ ದಿನಗಳಲ್ಲಿ ಜನರಿಗೆ ಸಮಾಧಾನ ಕೊಟ್ಟದ್ದು ರಾಜಕಾರಣಿಗಳ ಭಾಷಣ ಅಲ್ಲ. ಕೊಲ್ಲಿ ದೇಶಗಳ ನಿಯಂತ್ರಣ ಸಂಸ್ಥೆಗಳು ತಮ್ಮ ಮಾಪಕಗಳನ್ನು ನೋಡಿ "ವಿಕಿರಣ ಮಟ್ಟ ಏರಿಲ್ಲ" ಎಂದದ್ದು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ದಾಳಿಯಾದ ಕೇಂದ್ರಗಳ ಹೊರಗೆ ವಿಕಿರಣ ಹೆಚ್ಚಾಗಿಲ್ಲ ಎಂದು ತಿಳಿಸಿತು. ಅಂಕಿ ಬಂತು, ಉಸಿರು ಬಂತು.

ಈಗ ಅದೇ ಪ್ರಶ್ನೆಯನ್ನು ನಮ್ಮ ಮನೆಯಂಗಳಕ್ಕೆ ತಂದು ನೋಡೋಣ. ಉತ್ತರ ಕನ್ನಡದ ಕೈಗಾದಲ್ಲಿ ಯಾವುದೋ ಒಂದು ದಿನ ರಿಯಾಕ್ಟರಿಗೆ ತೊಂದರೆಯಾದರೆ, ಒಳಗಿನ ಒತ್ತಡ ಎಷ್ಟು, ಉಷ್ಣತೆ ಎಷ್ಟು, ಚಿಮಣಿಯಿಂದ ಏನು ಹೋಗುತ್ತಿದೆ ಎಂಬ ಅಂಕಿ ಯಾರಿಗೆ, ಎಷ್ಟು ಹೊತ್ತಿನಲ್ಲಿ ಸಿಗಬೇಕು? ಸ್ಥಾವರದವರು ಫೋನಿನಲ್ಲಿ ಹೇಳಿದ್ದನ್ನು ಮುಂಬೈಯ ನಿಯಂತ್ರಕರು ನಂಬಿ ಕೂರಬೇಕೇ, ಅಥವಾ ಅವರೇ ಕಣ್ಣಾರೆ ಮೀಟರ್ ನೋಡಬೇಕೇ?

ಕತ್ತಲಲ್ಲಿ ತಡಕಾಡಿದ ಅಧಿಕಾರಿಗಳು

ಈ ಪ್ರಶ್ನೆ ಹುಟ್ಟಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. 1979ರ ಮಾರ್ಚ್ 28ರ ನಸುಕಿನಲ್ಲಿ ತ್ರೀ ಮೈಲ್ ಐಲ್ಯಾಂಡ್ ಸ್ಥಾವರದ ಎರಡನೇ ಘಟಕದಲ್ಲಿ ಒಂದು ಕವಾಟ ತೆರೆದುಕೊಂಡು ಹಾಗೇ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಕವಾಟ ಮುಚ್ಚಿದೆ ಅನ್ನುವಂತೆ ತೋರಿಸಿತು. ಯಾಕೆಂದರೆ ಆ ದೀಪಕ್ಕೆ ಗೊತ್ತಿದ್ದದ್ದು "ಮುಚ್ಚು" ಎಂಬ ಸಂಕೇತ ಹೋಗಿದೆ ಅಂತ ಅಷ್ಟೇ, ಕವಾಟ ನಿಜವಾಗಿ ಮುಚ್ಚಿದೆಯಾ ಅಂತ ಅಲ್ಲ. ತಂಪು ಮಾಡುವ ನೀರು ಸೋರಿ ಇಂಧನದ ಒಂದು ದೊಡ್ಡ ಭಾಗ ಕರಗಿತು.

ಎರಡು ದಿನ ಕಳೆದು ಮಾರ್ಚ್ 30, ಶುಕ್ರವಾರ ಬೆಳಿಗ್ಗೆ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿ ಕೂತಿದ್ದ ಅಣು ನಿಯಂತ್ರಣ ಆಯೋಗದವರ ಕಿವಿಗೆ 1,200 ಮಿಲಿರೆಮ್ ಎಂಬ ಒಂದು ಅಂಕಿ ಬಿತ್ತು. ಅವರು ತಾವೇ ಹಾಕಿದ್ದ ಲೆಕ್ಕಕ್ಕೆ ಅದು ತಾಳೆಯಾದ್ದರಿಂದ, ಜನವಸತಿ ಇರುವ ಕಡೆಯೇ ಅಷ್ಟು ವಿಕಿರಣ ಇದೆ ಅಂದುಕೊಂಡು ಜನರನ್ನು ಸ್ಥಳಾಂತರಿಸಿ ಎಂಬ ಸಲಹೆ ಕೊಟ್ಟರು. ವಾಸ್ತವದಲ್ಲಿ ಅದು ಸ್ಥಾವರದ ಚಿಮಣಿಯ ನೇರ ಮೇಲೆ ಹೆಲಿಕಾಪ್ಟರ್‌ನಿಂದ ಅಳೆದ ಅಂಕಿ. ಅಂಕಿ ಸರಿ, ಜಾಗ ತಪ್ಪು. ಆಯೋಗದ ಅಧ್ಯಕ್ಷ ಜೋಸೆಫ್ ಹೆಂಡ್ರಿ ಆ ದಿನ ಸಹೋದ್ಯೋಗಿಗಳ ಮುಂದೆ ತಾವೂ ಗವರ್ನರೂ ಹೆಚ್ಚುಕಮ್ಮಿ ಕುರುಡರಂತೆ ನಿರ್ಧಾರ ಮಾಡುತ್ತಿದ್ದೇವೆ, ಗವರ್ನರ್ ಬಳಿ ಇರುವ ಮಾಹಿತಿ ಅಸ್ಪಷ್ಟ, ತಮ್ಮ ಬಳಿ ಮಾಹಿತಿಯೇ ಇಲ್ಲ ಎಂಬರ್ಥದಲ್ಲಿ ಒಪ್ಪಿಕೊಂಡರು. ಕೊನೆಗೆ ಗವರ್ನರ್ ಡಿಕ್ ಥಾರ್ನ್‌ಬರ್ಗ್ ಐದು ಮೈಲಿ ಸುತ್ತಳತೆಯ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಪುಟ್ಟ ಮಕ್ಕಳು ಊರು ಬಿಡಲಿ ಎಂದರು. ಹೊರಟವರು ಸುಮಾರು 1.4 ಲಕ್ಷ ಜನ. ಸರಿಯಾದ ಮಾಹಿತಿ ಇಲ್ಲದ ಕಡೆ ಭಯವೇ ಬಸ್ ಡ್ರೈವರ್ ಆಗುತ್ತದೆ.

ಆ ಪಾಠದಿಂದ ಹುಟ್ಟಿದ್ದು ತುರ್ತು ಪ್ರತಿಕ್ರಿಯೆ ದತ್ತಾಂಶ ವ್ಯವಸ್ಥೆ, ಅಂದರೆ ಇಆರ್‌ಡಿಎಸ್. 1991ರಲ್ಲಿ ಅಮೆರಿಕ ಇದನ್ನು ಕಡ್ಡಾಯ ಮಾಡಿತು. ಸ್ಥಾವರದಲ್ಲಿ "ಅಲರ್ಟ್" ಅಥವಾ ಅದಕ್ಕಿಂತ ಮೇಲಿನ ಹಂತದ ತುರ್ತುಸ್ಥಿತಿ ಘೋಷಣೆಯಾದರೆ, ಆದಷ್ಟು ಬೇಗ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಈ ಸಂಪರ್ಕ ಚಾಲೂ ಆಗಬೇಕು. ರಿಯಾಕ್ಟರಿನ ಒತ್ತಡ, ಉಷ್ಣತೆ, ನೀರಿನ ಮಟ್ಟ, ಹೊರಕವಚದ ಸ್ಥಿತಿ, ಹೊರಹೋಗುವ ವಿಕಿರಣ, ಗಾಳಿಯ ದಿಕ್ಕು ಮತ್ತು ವೇಗ, ಇವೆಲ್ಲ 15ರಿಂದ 60 ಸೆಕೆಂಡಿಗೊಮ್ಮೆ ಆಯೋಗದ ಕೇಂದ್ರಕ್ಕೆ ತಾನಾಗಿ ಬರುತ್ತವೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ನೋಡಬೇಕು. ದತ್ತಾಂಶ ಒಂದೇ ದಿಕ್ಕಿಗೆ ಹೋಗುತ್ತದೆ. ನಿಯಂತ್ರಕರು ನೋಡಬಹುದು, ಸ್ಥಾವರದ ಯಾವ ಗುಂಡಿಯನ್ನೂ ಒತ್ತಲಾಗದು.

ಫುಕುಶಿಮಾದಲ್ಲಿ ಯಂತ್ರ ಇತ್ತು, ಕರೆಂಟ್ ಇರಲಿಲ್ಲ

"ಹಾಗಾದರೆ ಒಂದು ಕಂಪ್ಯೂಟರ್ ಕೂರಿಸಿದರೆ ಮುಗೀತಲ್ಲ" ಎನ್ನುವವರು 2011ರ ಮಾರ್ಚ್ 11ನ್ನು ನೆನಪಿಸಿಕೊಳ್ಳಬೇಕು. ಜಪಾನಿನಲ್ಲಿ ಇಂಥ ವ್ಯವಸ್ಥೆ ಮೊದಲೇ ಇತ್ತು. ಸ್ಥಾವರದಿಂದ ದತ್ತಾಂಶ ತರಲು ಇಆರ್‌ಎಸ್‌ಎಸ್, ಆ ದತ್ತಾಂಶ ಹಿಡಿದು ವಿಕಿರಣ ಯಾವ ಕಡೆ ಹೋಗುತ್ತದೆ ಎಂದು ಲೆಕ್ಕ ಹಾಕಲು ಸ್ಪೀಡಿ. ಭೂಕಂಪ ಮತ್ತು ಸುನಾಮಿಯಿಂದ ವಿದ್ಯುತ್ತೂ ಸಂಪರ್ಕವೂ ಕಡಿದವು, ಮೊದಲನೆಯದಕ್ಕೆ ದತ್ತಾಂಶ ಬರುವುದು ನಿಂತಿತು. ಅದರಿಂದಾಗಿ ಎರಡನೆಯದು ಊಹೆಯ ಅಂಕಿಗಳ ಮೇಲೆ ಓಡಬೇಕಾಯಿತು. ಸ್ಥಾವರದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದ್ದ ತುರ್ತು ಕೇಂದ್ರವೇ ವಿದ್ಯುತ್, ಫೋನ್ ಇಲ್ಲದೆ ಉಪಯೋಗಕ್ಕೆ ಬಾರದೆ ಹೋಯಿತು. ಅಲ್ಲಿದ್ದವರು ಮಾರ್ಚ್ 15ರಂದು ಅದನ್ನು ಬಿಟ್ಟು ಫುಕುಶಿಮಾ ನಗರಕ್ಕೆ ಹೋದರು.

ಬೆಲೆ ತೆತ್ತವರು ನಾಮಿಯೆ ಪಟ್ಟಣದ ಜನ. ಸ್ಥಾವರದಿಂದ ದೂರ ಹೋಗಬೇಕೆಂದು ಅವರು ಗುಡ್ಡದ ಕಡೆಯ ತ್ಸುಶಿಮಾಕ್ಕೆ ಹೋದರು. ವಿಕಿರಣದ ಮೋಡವೂ ಅತ್ತಲೇ ಹೋಯಿತು. ಸ್ಪೀಡಿಯ ಲೆಕ್ಕ ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಬಂದದ್ದು ಮಾರ್ಚ್ 23ರಂದು. ಆ ಲೆಕ್ಕವನ್ನು ಎಷ್ಟು ನಂಬಬಹುದಿತ್ತು ಎಂಬ ಚರ್ಚೆ ಈಗಲೂ ಇದೆ. ಆದರೆ "ನಮಗೆ ಒಂದು ಮಾತು ಹೇಳಬಹುದಿತ್ತಲ್ಲ" ಎಂಬ ನಾಮಿಯೆ ಜನರ ನೋವಿಗೆ ಉತ್ತರ ಸಿಕ್ಕಿಲ್ಲ. ಇನ್ನೊಂದು ಸಂಗತಿ: ಸ್ಥಾವರಕ್ಕೂ ಟೋಕಿಯೊದ ಕಂಪೆನಿ ಕಚೇರಿಗೂ ನಡುವೆ ವೀಡಿಯೊ ಸಂಪರ್ಕ ಆ ದಿನಗಳಲ್ಲೂ ನಡೆಯುತ್ತಿತ್ತು. ಪ್ರಧಾನಿ ನವೊಟೊ ಕಾನ್ ಅದನ್ನು ಕಣ್ಣಾರೆ ಕಂಡದ್ದು ಮಾರ್ಚ್ 15ರಂದು ಕಂಪೆನಿಯ ಕಚೇರಿಗೇ ಹೋದಾಗ. ಮಾಹಿತಿ ಇತ್ತು, ಬೇಕಾದವರ ಮುಂದೆ ಇರಲಿಲ್ಲ.

ಓಮಲೂರಿನಿಂದ ಒಂದು ಹೋಲಿಕೆ

ಬೆಂಗಳೂರಿನಿಂದ ಸೇಲಂ ಹೆದ್ದಾರಿ ಹಿಡಿದು, ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿದರೆ ಓಮಲೂರು ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಮೆಟ್ಟೂರು, ಕಾವೇರಿಯ ಅಣೆಕಟ್ಟು, ಪಕ್ಕದಲ್ಲೇ 1,440 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೊರಡಿಸಿದ ನಿರ್ದೇಶನದಂತೆ ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಉದ್ದಿಮೆಗಳು ತಮ್ಮ ಚಿಮಣಿ, ಕೊಳವೆಗಳಿಗೆ ಮಾಪಕ ಕೂರಿಸಿ ಅಂಕಿಗಳನ್ನು ನೇರವಾಗಿ ಮಂಡಳಿಯ ಸರ್ವರಿಗೆ ಕಳಿಸಬೇಕು. ಕಲ್ಲಿದ್ದಲು ಸ್ಥಾವರ, ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಓಮಲೂರಿನ ಮನೆಯವರು ಉಸಿರಾಡುವ ಗಾಳಿಗೆ ಅನ್ವಯಿಸುವ ನಿಯಮವೇ ನಮ್ಮ ಪಣಂಬೂರು, ಸುರತ್ಕಲ್, ಪಡುಬಿದ್ರಿಯ ಗಾಳಿಗೂ ಅನ್ವಯಿಸುತ್ತದೆ.

ಚಿಮಣಿಯ ಹೊಗೆ ಬೇರೆ, ರಿಯಾಕ್ಟರಿನ ಒಳಸ್ಥಿತಿ ಬೇರೆ, ನಿಜ. ಆದರೆ ತತ್ವ ಒಂದೇ: ಕಾರ್ಖಾನೆಯವನು ಬರೆದು ಕಳಿಸುವ ವರದಿಗಿಂತ ಮಾಪಕ ನೇರವಾಗಿ ಕಳಿಸುವ ಅಂಕಿ ಮೇಲು. ಬೂದಿ ಹೊಗೆಗೆ ಒಪ್ಪಿಕೊಂಡ ತತ್ವವನ್ನು ಅಣು ತುರ್ತುಸ್ಥಿತಿಗೆ ಇನ್ನೂ ಬಿಗಿಯಾಗಿ ಒಪ್ಪಬೇಕಲ್ವಾ?

ಕೈಗಾ ಕಲಿಸಿದ ಪಾಠ

ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳು ಬರಲಿವೆ. ಸ್ಥಾವರದ ಹೆಸರಿಗೆ ಹೆಮ್ಮೆಯ ದಾಖಲೆಯೂ ಇದೆ: ಮೊದಲ ಘಟಕ 2018ರ ಕೊನೆಯಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅಲ್ಲಿ ದುಡಿಯುವ ಎಂಜಿನಿಯರುಗಳ ಕೌಶಲ್ಯದ ಬಗ್ಗೆ ಯಾರಿಗೂ ಅನುಮಾನ ಬೇಡ.

ಆದರೆ 2009ರ ನವೆಂಬರ್ ಕೂಡ ಅದೇ ಕೈಗಾದ ಇತಿಹಾಸ. ಯಾರೋ ಟ್ರೀಷಿಯಂ ಇದ್ದ ಭಾರಜಲವನ್ನು ಕುಡಿಯುವ ನೀರಿನ ಕೂಲರಿಗೆ ಸೇರಿಸಿದ್ದರು. ಐವತ್ತರ ಆಸುಪಾಸಿನಷ್ಟು ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಅದು ಗೊತ್ತಾಯಿತು. ಹೊರಗಿನ ಜನರಿಗೆ ಸುದ್ದಿ ತಿಳಿದದ್ದು ಕೆಲವು ದಿನ ಕಳೆದು, ಮಾಧ್ಯಮಗಳ ಮೂಲಕ. ನಿಜ ಹೇಳಬೇಕೆಂದರೆ ಯಾವ ರಿಯಾಕ್ಟರ್ ಮಾಪಕವೂ ಆ ಕೂಲರನ್ನು ಹಿಡಿಯುತ್ತಿರಲಿಲ್ಲ. ಅದು ಕಲಿಸಿದ ಪಾಠ ಬೇರೆ: ಒಳಗೆ ಗೊತ್ತಾದದ್ದಕ್ಕೂ ಹೊರಗೆ ಗೊತ್ತಾಗುವುದಕ್ಕೂ ನಡುವೆ ಬಿಡುವು ಉದ್ದವಾದಷ್ಟು ನಂಬಿಕೆ ಸೋರುತ್ತದೆ.

ನಮ್ಮ ನಿಯಂತ್ರಕ ಸಂಸ್ಥೆ ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಹುಟ್ಟಿದ್ದು 1983ರ ನವೆಂಬರ್ 15ರಂದು, ಸರ್ಕಾರದ ಒಂದು ಆದೇಶದಿಂದ. ಯಾವ ಅಣುಶಕ್ತಿ ಆಯೋಗದ ವಲಯವನ್ನು ಅದು ಪರಿಶೀಲಿಸಬೇಕೋ ಅದೇ ಆಯೋಗಕ್ಕೆ ವರದಿ ಒಪ್ಪಿಸುವ ಸ್ಥಿತಿ. 2012ರ ಮಹಾಲೇಖಪಾಲರ ವರದಿ ಇದನ್ನೇ ಎತ್ತಿ ತೋರಿಸಿತು. ನಿಯಮ ಮುರಿದವರಿಗೆ ಇದ್ದ ಗರಿಷ್ಠ ದಂಡ 500 ರೂಪಾಯಿ ಎಂದೂ ಅದು ಹೇಳಿತ್ತು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ಬೈಕ್ ಸವಾರನ ದಂಡದ ಲೆಕ್ಕ! ಫುಕುಶಿಮಾ ಆದ ಮೇಲೆ 2011ರಲ್ಲಿ ಸ್ವತಂತ್ರ ಪ್ರಾಧಿಕಾರದ ಮಸೂದೆ ಬಂತು, 2014ರಲ್ಲಿ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾನೂನು ಎಇಆರ್‌ಬಿಗೆ ಕೊನೆಗೂ ಶಾಸನಬದ್ಧ ಸ್ಥಾನ ಕೊಟ್ಟಿದೆ. ಜತೆಗೆ ಅಣು ವಿದ್ಯುತ್ ಕ್ಷೇತ್ರದ ಬಾಗಿಲನ್ನು ಖಾಸಗಿ ಕಂಪೆನಿಗಳಿಗೂ ತೆರೆದಿದೆ.

ಇಲ್ಲೇ ವಿಷಯ ಬಿಸಿಯಾಗುವುದು. ಇಷ್ಟು ದಿನ ಸ್ಥಾವರವೂ ಸರ್ಕಾರದ್ದು, ನಿಯಂತ್ರಕರೂ ಸರ್ಕಾರದವರು. ನಾಳೆ ಸ್ಥಾವರ ಲಾಭಕ್ಕಾಗಿ ನಡೆಯುವ ಕಂಪೆನಿಯದ್ದಾದರೆ, ತುರ್ತು ಹೊತ್ತಿನಲ್ಲಿ "ಎಲ್ಲ ಹತೋಟಿಯಲ್ಲಿದೆ" ಎಂಬ ಅದರ ಮಾತನ್ನು ಪರೀಕ್ಷಿಸಲು ನಿಯಂತ್ರಕರ ಕೈಯಲ್ಲಿ ಸ್ವಂತ ಅಂಕಿ ಇರಲೇಬೇಕು. ಸ್ಥಾವರದ ಹೊರಗಿನ ಜನರ ರಕ್ಷಣೆಯ ಹೊಣೆ ಜಿಲ್ಲಾಧಿಕಾರಿಯದ್ದು. ಕೈಗಾ ವಿಷಯದಲ್ಲಿ ಅಂದರೆ ಕಾರವಾರದಲ್ಲಿ ಕೂತ ಅಧಿಕಾರಿಯದ್ದು. ಜನರನ್ನು ಮನೆಯೊಳಗೆ ಇರಿಸಬೇಕೇ, ಅಯೋಡಿನ್ ಮಾತ್ರೆ ಕೊಡಬೇಕೇ, ಬಸ್ ಹತ್ತಿಸಬೇಕೇ ಎಂಬ ನಿರ್ಧಾರ ಆ ಅಂಕಿಯ ಮೇಲೆ ನಿಂತಿದೆ.

ಹ್ಯಾಕರ್‌ಗಳ ಭಯ, ಮಳೆಗಾಲದ ಭಯ

ಎದುರು ವಾದವೂ ಗಟ್ಟಿಯಾಗಿದೆ. ಸ್ಥಾವರದ ಕಂಪ್ಯೂಟರಿಗೆ ಹೊರಗಿನ ತಂತಿ ಜೋಡಿಸಿದರೆ ಹ್ಯಾಕರ್‌ಗೂ ದಾರಿ ಕೊಟ್ಟಂತೆ ಅಂತಾರೆ. 2019ರಲ್ಲಿ ಕೂಡಂಕುಳಂನಲ್ಲಿ ಏನಾಯಿತು ನೋಡಿ. ಆಡಳಿತ ಕೆಲಸದ ಜಾಲಕ್ಕೆ ಸೇರಿದ್ದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿತು. ಮೊದಲು ದಾಳಿ ಸಾಧ್ಯವೇ ಇಲ್ಲ ಎಂಬ ಹೇಳಿಕೆ, ಮರುದಿನ ಅಕ್ಟೋಬರ್ 30ರಂದು ಹೌದು ಎಂಬ ಹೇಳಿಕೆ. ರಿಯಾಕ್ಟರ್ ನಿಯಂತ್ರಿಸುವ ಜಾಲ ಪ್ರತ್ಯೇಕ, ಅದಕ್ಕೆ ಏನೂ ಆಗಿಲ್ಲ ಎಂದರು.

ಭಯ ಸುಳ್ಳಲ್ಲ, ಆದರೆ ಪರಿಹಾರ ಇದೆ. ದತ್ತಾಂಶವನ್ನು ಹೊರಗೆ ಮಾತ್ರ ಬಿಡುವ, ಒಳಗೆ ಏನನ್ನೂ ಬಿಡದ ಏಕಮುಖ ಯಂತ್ರಗಳು ಈಗ ಸಾಮಾನ್ಯ. ಮನೆಯ ನೀರಿನ ಪೈಪಿಗೆ ಕೂರಿಸುವ ಒಂದು ದಿಕ್ಕಿನ ವಾಲ್ವ್ ಹಾಗೆ.

ನಮ್ಮ ಕಡೆ ಇನ್ನೂ ದೊಡ್ಡ ಶತ್ರು ಮಳೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದು ಅದೇ ಜಿಲ್ಲೆಯಲ್ಲಿ. ಕಾಳಿ ನದಿಯ ಕಣಿವೆಯಲ್ಲಿ ಕಂಬ ಬಿದ್ದು, ಕೇಬಲ್ ಕಡಿದು, ಟವರ್ ಸತ್ತ ದಿನವೇ ತುರ್ತುಸ್ಥಿತಿ ಬರಬಹುದು. ಹಾಗಾಗಿ ಉಪಗ್ರಹ ಸಂಪರ್ಕ, ಪ್ರತ್ಯೇಕ ಬ್ಯಾಟರಿ, ಎರಡನೇ ದಾರಿ ಇಲ್ಲದ ವ್ಯವಸ್ಥೆ ಇದ್ದೂ ಇಲ್ಲದಂತೆ. ಫುಕುಶಿಮಾ ಹೇಳಿದ್ದು ಇದನ್ನೇ. 2022ರ ಮಾರ್ಚ್‌ನಲ್ಲಿ ರಷ್ಯಾ ಸೇನೆಯ ವಶದಲ್ಲಿದ್ದ ಚೆರ್ನೋಬಿಲ್‌ನ ಮೇಲ್ವಿಚಾರಣಾ ಸಾಧನಗಳಿಂದ ಅಂತಾರಾಷ್ಟ್ರೀಯ ಸಂಸ್ಥೆಗೆ ದತ್ತಾಂಶ ಬರುವುದೇ ನಿಂತಾಗ ಜಗತ್ತು ಕಂಡದ್ದೂ ಇದನ್ನೇ.

ನಾವು ಕೇಳಬೇಕಾದದ್ದು

ಹೊಸ ಕಾನೂನಿನಡಿ ನಿಯಮಗಳು ರೂಪುಗೊಳ್ಳುವ ಈ ಹೊತ್ತಿನಲ್ಲಿ ನಾಲ್ಕು ವಿಷಯ ಬರಹದಲ್ಲಿ, ಜನ ಓದುವ ಹಾಗೆ ಇರಬೇಕು. ತುರ್ತುಸ್ಥಿತಿ ಘೋಷಣೆಯಾದ ಎಷ್ಟು ನಿಮಿಷದೊಳಗೆ ದತ್ತಾಂಶ ಎಇಆರ್‌ಬಿಗೆ ತಲುಪಬೇಕು. ಯಾವ ಯಾವ ಅಂಕಿಗಳು ಹೋಗಬೇಕು. ಕರೆಂಟ್, ಕೇಬಲ್ ಎರಡೂ ಹೋದರೆ ಬದಲಿ ದಾರಿ ಯಾವುದು, ಅದನ್ನು ವರ್ಷಕ್ಕೆ ಎಷ್ಟು ಸಲ ಪರೀಕ್ಷಿಸಬೇಕು. ಕೊನೆಯದಾಗಿ, ಜಿಲ್ಲಾಧಿಕಾರಿಗೂ ಜನರಿಗೂ ಅದರ ಸಾರವನ್ನು ಕನ್ನಡದಲ್ಲಿ ಯಾರು, ಯಾವಾಗ ಹೇಳಬೇಕು.

ಅಂಕಿ ಸಿಕ್ಕ ಕೂಡಲೇ ಎಲ್ಲ ಸರಿಯಾಗಲ್ಲ. ತ್ರೀ ಮೈಲ್ ಐಲ್ಯಾಂಡಿನ ದೀಪ ತಪ್ಪು ಹೇಳಿತು, ಫುಕುಶಿಮಾದ ಒಂದನೇ ಘಟಕದ ನೀರಿನ ಮಾಪಕವೂ ಇಲ್ಲದ ನೀರು ಇದೆ ಎಂದು ತೋರಿಸಿತು. ಓದಲು ಬಲ್ಲವರು ಬೇಕು. ಎಂಜಿನಿಯರಿಂಗ್, ಭೌತವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳಿಗೆ ವಿಕಿರಣ ಸುರಕ್ಷೆ ಮತ್ತು ನಿಯಂತ್ರಣ ಅಂದರೆ ಯಾರೂ ತೋರಿಸದ ಉದ್ಯೋಗದ ದಾರಿ. ಗಲ್ಫಿಗೆ ಹೋದರೂ ಅಬುಧಾಬಿಯ ಬರಾಕಾದಲ್ಲಿ ನಾಲ್ಕು ರಿಯಾಕ್ಟರುಗಳು ಓಡುತ್ತಿವೆ, ಅಲ್ಲೂ ಇಂಥವರು ಬೇಕು.

ಅಣು ವಿದ್ಯುತ್ ಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಲೇ ಇರಲಿ. ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಈ ಬೇಡಿಕೆ ಒಂದೇ. ಕಳೆದ ಜೂನ್‌ನಂಥ ರಾತ್ರಿ ಕಾರವಾರದಲ್ಲೋ ಭಟ್ಕಳದಲ್ಲೋ ಬಂದರೆ, ಉಮ್ಮ ಕೇಳುವ ಪ್ರಶ್ನೆಗೆ ವಾಟ್ಸ್ಆ್ಯಪ್ ಫಾರ್ವರ್ಡ್ ಉತ್ತರ ಕೊಡಬಾರದು. ಮೀಟರ್ ನೋಡಿದವರು ಕೊಡಬೇಕು.