ಕೌನ್ಸೆಲರ್ ಯಾರ ಕಡೆ?

ಪಿಯುಸಿ ಫಲಿತಾಂಶ ಬಂದ ವಾರ ಮನೆಗೆ ಬರುವ ಫೋನುಗಳಲ್ಲಿ ಒಂದಾದರೂ ‘ಅಡ್ಮಿಷನ್ ಕೌನ್ಸೆಲರ್ ಮಾತಾಡ್ತಿದೀನಿ’ ಎಂದು ಶುರುವಾಗುತ್ತದೆ. ಮಗಳಿಗೆ ಏನು ಓದಲು ಇಷ್ಟ ಎಂಬ ವಿಚಾರಣೆ ಕಡಿಮೆ. ಸೀಟು ಮುಗೀತಾ ಬಂತು, ಇವತ್ತೇ ಅಡ್ವಾನ್ಸ್ ಕಟ್ಟಿಬಿಡಿ ಎನ್ನುವ ಅವಸರವೇ ಹೆಚ್ಚು. ತಲೆಗಿಷ್ಟು ಕಮಿಷನ್ ಎಂದಿರುವ ಕಡೆ ಈ ಕೆಲಸಕ್ಕೆ ಏಜೆಂಟ್ ಎಂಬ ಮರ್ಯಾದಸ್ಥ ಹೆಸರೇ ಸಾಕು. ಇದಕ್ಕಿಂತ ಸಿಇಟಿ ಕೌನ್ಸೆಲಿಂಗೇ ವಾಸಿ. ಅಲ್ಲಿ ಸಲಹೆಗಾರರೇ ಇಲ್ಲ, ರ‍್ಯಾಂಕು ಮತ್ತು ಆಪ್ಷನ್ ಎಂಟ್ರಿ ನೋಡಿ ಕಂಪ್ಯೂಟರು ಸೀಟು ಹಂಚುತ್ತದೆ. ನಿಮ್ಮ ಒಳಿತಿಗೇ ಹೇಳ್ತಿದೀನಿ ಎಂದು ಅದು ನಟಿಸುವುದಿಲ್ಲ.

ಕೌನ್ಸೆಲರ್ ಎನಿಸಿಕೊಳ್ಳಲು ಡಿಗ್ರಿ, ಅನುಭವ ಎಲ್ಲ ಆಮೇಲಿನ ಮಾತು. ಎದುರು ಕೂತವರು ಏನು ತೀರ್ಮಾನಿಸಿದರೂ ತನಗೆ ಲಾಭ ನಷ್ಟವಿಲ್ಲ ಎನ್ನುವವರಷ್ಟೇ ಆಪ್ತಸಮಾಲೋಚಕರು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದ ಕೋಣೆಯಲ್ಲಿ ಇದು ಕಾಣುತ್ತದೆ. ಎಚ್‌ಐವಿ ಪರೀಕ್ಷೆಗೆ ರಕ್ತ ಕೊಡುವ ಮೊದಲು ಏನು ಪರೀಕ್ಷೆ, ಪಾಸಿಟಿವ್ ಬಂದರೆ ಮುಂದೇನು ಎಂದು ತಿಳಿಸಿ ಒಪ್ಪಿಗೆ ಕೇಳಬೇಕು. ವರದಿ ಬಂದ ಮೇಲೆ ಮತ್ತೆ ಕೂರಿಸಿಕೊಂಡು ಮಾತಾಡಬೇಕು. ಬೇಡ ಎಂದು ಎದ್ದುಹೋಗುವ ಹಕ್ಕು ಬಂದವರದೇ. 2017ರ ಎಚ್‌ಐವಿ ಕಾಯ್ದೆ ಈ ಒಪ್ಪಿಗೆಗೆ ಕಾನೂನಿನ ಬಲ ಕೊಟ್ಟಿದೆ.

ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 2006ರ ನಿಯಮಗಳು ಇನ್ನೂ ಬಿಗಿ. ವ್ಯಾಜ್ಯದಲ್ಲಿ ಹಿತಾಸಕ್ತಿ ಇರುವವರನ್ನು ಸಮಾಲೋಚಕರಾಗಿ ನೇಮಿಸುವಂತಿಲ್ಲ. ಹೊಡೆದದ್ದಕ್ಕೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಲು ಗಂಡನಿಗೆ ಅಲ್ಲಿ ಅವಕಾಶವಿಲ್ಲ, ಅದನ್ನು ಮಾತುಕತೆಗೆ ಮುಂಚೆಯೇ ಅವನಿಗೆ ತಿಳಿಸಬೇಕು. ‘ಅವಳೂ ಬಾಯಿ ಜೋರು ಮಾಡಿದ್ಲು ಸಾರ್’ ಎಂಬ ವಾದ ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲಿ ಎಷ್ಟು ಸಲೀಸಾಗಿ ಗೆಲ್ಲುತ್ತದೆ ಎಂದು ಬಲ್ಲವರಿಗೆ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ಕೌಟುಂಬಿಕ ನ್ಯಾಯಾಲಯದ ವಿಷಯದಲ್ಲಿ ಮಾತ್ರ ನನಗೆ ತಕರಾರಿದೆ. 1984ರ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಿ ಎನ್ನುತ್ತದೆ, ತಪ್ಪಲ್ಲ. ಆದರೆ ಎಷ್ಟು ಜೋಡಿ ಒಂದಾದವು ಎಂಬುದರಲ್ಲೇ ಸಮಾಲೋಚಕರ ಕೆಲಸ ಅಳೆದರೆ, ಸಂಬಳಕ್ಕಿರುವವರಿಗೂ ಒಂದು ಕಮಿಷನ್ ಹುಟ್ಟಿಕೊಳ್ಳುತ್ತದೆ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎನ್ನಲು ಅವರೇ ಬೇಕಿಲ್ಲ, ಅತ್ತೆ ಮಾವ ಆಗಲೇ ಹೇಳಿರುತ್ತಾರೆ. ಬೇರೆಯಾಗಲು ನಿಶ್ಚಯಿಸಿದವರಿಗೆ ಮಗು ಯಾವ ವಾರ ಯಾರ ಮನೆಯಲ್ಲಿ, ಶಾಲೆ ಫೀಸು ಯಾರದು ಎಂದು ಜಗಳವಿಲ್ಲದೆ ಬರೆದುಕೊಳ್ಳಲು ನೆರವಾಗುವುದನ್ನೂ ಯಶಸ್ಸಿನ ಲೆಕ್ಕಕ್ಕೆ ಸೇರಿಸಬೇಕು.