ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರು ಮಲಗಿದ್ದರು?

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಈ ಅಂಕಿಗಳು ಭಾಷಣಗಳಲ್ಲಿ ಬರುತ್ತವೆ, ಪತ್ರಿಕೆಗಳಲ್ಲಿ ಬರುತ್ತವೆ, ಬಜೆಟ್ಟಿನ ಲೆಕ್ಕಾಚಾರಕ್ಕೂ ಬರುತ್ತವೆ. ಇವು ಹುಟ್ಟುವ ಜಾಗ ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಹುಟ್ಟುವುದು ಹೊಳಲ್ಕೆರೆಯ ಯಾವುದೋ ಅಡಿಕೆ ತೋಟದ ಮನೆಯ ಜಗುಲಿಯಲ್ಲಿ, ಹಿರಿಯೂರಿನ ಕಾಲೋನಿಯ ಒಂದು ಕೋಣೆಯ ಮನೆಯಲ್ಲಿ. ಅಲ್ಲಿ ಚೀಲ ಹೊತ್ತು ಬಂದ ಹೆಣ್ಣುಮಗಳೊಬ್ಬಳು ಕೂತು ಪ್ರಶ್ನೆ ಕೇಳುತ್ತಾಳೆ. ಊರಿನವರ ಬಾಯಲ್ಲಿ ಅವಳು ‘ಸರ್ವೆ ಮೇಡಂ’.

ಹದಿಹರೆಯದವರ ಆರೋಗ್ಯದ ಬಗ್ಗೆ ಅಧ್ಯಯನ ಎಂದಾಗ ನಮ್ಮ ಕಣ್ಣಮುಂದೆ ಬರುವುದು ವೈದ್ಯರು, ಪ್ರೊಫೆಸರುಗಳು, ಪ್ರಯೋಗಾಲಯ. ಅವರ ಕೆಲಸ ಸಣ್ಣದಲ್ಲ. ಆದರೆ ಒಂದು ಅಧ್ಯಯನವನ್ನು ನಂಬಬೇಕೋ ಬೇಡವೋ ಎಂಬುದು ನಿಜವಾಗಿ ತೀರ್ಮಾನವಾಗುವುದು ಮನೆ ಬಾಗಿಲಲ್ಲಿ. ಸಿಗಬೇಕಾದ ಮಗು ಸಿಕ್ಕಿತೇ? ಸಿಕ್ಕ ಮಗು ಹೆದರದೆ ಮಾತಾಡಿತೇ? ಈ ಎರಡೂ ಆಗದಿದ್ದರೆ ಮುಂದಿನ ಯಾವ ಗಣಿತವೂ ಅದನ್ನು ಸರಿಪಡಿಸಲಾರದು.

ಮೊದಲನೆಯದನ್ನೇ ನೋಡೋಣ. ಮನೆ ಮನೆಗೆ ಹೋಗುವ ಸಮೀಕ್ಷೆಗಳಲ್ಲಿ ಒಂದು ಸರಳ ಪ್ರಶ್ನೆ ಇರುತ್ತದೆ: ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರು ಯಾರು ಉಳಿದಿದ್ದರು? ಬೆಂಗಳೂರಿನಲ್ಲಿ ಕೂತು ನೋಡಿದರೆ ಇದರಲ್ಲಿ ತೊಡಕೇನೂ ಕಾಣದು. ಚಿತ್ರದುರ್ಗ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಹಾಗಲ್ಲ. ಮುಟ್ಟಾದ ಹೆಣ್ಣುಮಕ್ಕಳು, ಹೆರಿಗೆಯಾದ ಬಾಣಂತಿಯರು ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಅಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಸಮೀಕ್ಷೆಯ ದಿನ ಹದಿನಾರರ ಹುಡುಗಿ ಹೊರಗಿದ್ದರೆ ‘ನಿನ್ನೆ ರಾತ್ರಿ ಮನೆಯಲ್ಲಿ ಇರಲಿಲ್ಲ’ ಎಂಬ ಉತ್ತರ ಅಕ್ಷರಶಃ ನಿಜವೇ. ಮುಟ್ಟಿನ ಆರೋಗ್ಯದ ಬಗ್ಗೆ ಯಾರಿಂದ ಮೊದಲು ಕೇಳಬೇಕಿತ್ತೋ ಅವಳೇ ಪಟ್ಟಿಯಿಂದ ಬಿಟ್ಟುಹೋಗಬಹುದು. ಹಟ್ಟಿಯ ಒಡನಾಟವಿರುವ ಆಶಾ ಕಾರ್ಯಕರ್ತೆಯೋ ಅಂಗನವಾಡಿ ಟೀಚರೋ ಜೊತೆಗಿದ್ದರೆ ‘ಆ ಮನೆಗೆ ಇನ್ನೊಬ್ಬ ಮಗಳಿದ್ದಾಳಲ್ಲವ್ವಾ’ ಎಂದು ಕೇಳುತ್ತಾಳೆ. ಆ ಒಂದು ಮಾತು ಮಾಡುವ ಕೆಲಸವನ್ನು ದೊಡ್ಡ ಕಂಪ್ಯೂಟರ್ ಮಾಡದು.

ಬಿಟ್ಟುಹೋಗುವವರು ಇನ್ನೂ ಇದ್ದಾರೆ. ಮನೆ ಸಮೀಕ್ಷೆ ಹಾಸ್ಟೆಲ್‌ಗಳನ್ನು ಎಣಿಸುವುದಿಲ್ಲ. ಜಿಲ್ಲೆಯ ಬಡ ಕುಟುಂಬಗಳ ಎಷ್ಟೋ ಮಕ್ಕಳು ಬೆಳೆಯುವುದೇ ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್‌ಗಳಲ್ಲಿ, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ. ಹಾಗಾದರೆ ಶಾಲೆಗೇ ಹೋಗಿ ಕೇಳೋಣವೆಂದರೆ, ಶಾಲೆ ಬಿಟ್ಟವರು ತಪ್ಪಿಹೋಗುತ್ತಾರೆ: ಹೊಸದುರ್ಗದ ಹಳ್ಳಿಯಿಂದ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಹುಡುಗಿ, ಕುರಿ ಹಿಂದೆ ಹೋದ ಹುಡುಗ, ಸದ್ದಿಲ್ಲದೆ ಮದುವೆ ಮಾಡಿ ಕಳಿಸಿದ ಮಗಳು. ಆರೋಗ್ಯದ ಕಷ್ಟ ಹೆಚ್ಚಾಗಿರುವುದು ಇವರಲ್ಲೇ. ಇವರಿಲ್ಲದೆ ಬರೆದ ವರದಿ ನಮ್ಮ ಮಕ್ಕಳು ಇರುವುದಕ್ಕಿಂತ ಚೆನ್ನಾಗಿದ್ದಾರೆ ಎಂದೇ ಹೇಳುತ್ತದೆ.

ವಯಸ್ಸಿನ ಲೆಕ್ಕದಲ್ಲೂ ಇಂಥ ಬಿರುಕಿದೆ. ಕುಟುಂಬ ಆರೋಗ್ಯ ಸಮೀಕ್ಷೆ ಸಂದರ್ಶಿಸುವುದು 15 ತುಂಬಿದವರನ್ನು. ದೇಹ ಅತಿ ವೇಗವಾಗಿ ಬದಲಾಗುವ 10ರಿಂದ 14ರ ವಯಸ್ಸು ಅದರಲ್ಲಿ ಬಹುತೇಕ ಕಾಣುವುದಿಲ್ಲ. ಈ ಕೊರತೆ ತುಂಬಲು ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ 2018ರವರೆಗೆ ಯುನಿಸೆಫ್ ಮತ್ತು ಪಾಪ್ಯುಲೇಷನ್ ಕೌನ್ಸಿಲ್ ಜೊತೆಗೂಡಿ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ನಡೆಸಿತು. 1,12,000ಕ್ಕೂ ಹೆಚ್ಚು ಮಕ್ಕಳು ಮತ್ತು ಹದಿಹರೆಯದವರ ಮಾಹಿತಿ ಸಂಗ್ರಹಿಸಿತು. 10ರಿಂದ 19 ವರ್ಷದವರಲ್ಲಿ ರಕ್ತಹೀನತೆ ಹುಡುಗಿಯರಿಗೆ ಶೇ 40, ಹುಡುಗರಿಗೆ ಶೇ 18 ಎಂದು ಅದು ಹೇಳಿತು. ಒಂದು ಸಮೀಕ್ಷೆಯ ಅಂಕಿ ಇನ್ನೊಂದಕ್ಕೆ ತಾಳೆಯಾಗದಿದ್ದಾಗ ಓದುಗರು ಎರಡನ್ನೂ ಸುಳ್ಳೆನ್ನುತ್ತಾರೆ. ವಯಸ್ಸು ಬೇರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಕೈಗಳಲ್ಲಿದೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬೆರಳ ತುದಿ ಚುಚ್ಚಿ ಒಂದು ಹನಿ ತೆಗೆದಿದ್ದರು. ಪೌಷ್ಟಿಕತೆ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಬೆರಳಿನಿಂದ ಹನಿ ತಾನಾಗಿ ಬರಬೇಕು. ಬರಲಿಲ್ಲವೆಂದು ಬೆರಳನ್ನು ಒತ್ತಿ ಹಿಂಡಿದರೆ ಅಂಗಾಂಶದ ನೀರು ಬೆರೆತು ರಕ್ತ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಕಡಿಮೆ ತೋರುತ್ತದೆ. ಬಿಸಿಲಲ್ಲಿ ಹತ್ತಾರು ಮನೆ ಸುತ್ತಿ ದಣಿದ ಕೈ ಅವಸರ ಮಾಡಿದರೆ ಒಂದು ಊರಿನ ರಕ್ತಹೀನತೆಯ ಲೆಕ್ಕವೇ ಏರಬಲ್ಲದು. ಆ ಕೈಗೆ ಕೊಡುವ ತರಬೇತಿ, ವಿಶ್ರಾಂತಿ, ಸಂಬಳ ಇವೆಲ್ಲವೂ ವಿಜ್ಞಾನದ ಭಾಗವೇ. ಇಂಥ ಸಮೀಕ್ಷೆಗಳಲ್ಲಿ ಮನೆಮನೆ ಸುತ್ತುವವರು ಸಾಮಾನ್ಯವಾಗಿ ಕೆಲವೇ ತಿಂಗಳ ಗುತ್ತಿಗೆಯ ಮೇಲೆ ದುಡಿಯುವವರು ಎಂಬುದು ನನಗೆ ಸರಿಕಾಣುವುದಿಲ್ಲ.

ಮಕ್ಕಳನ್ನು ಹುಡುಕಿ ಹಿಡಿದಿಟ್ಟುಕೊಳ್ಳುವುದು ಹೇಗೆಂದು ತಿಳಿಯಲು ದೂರ ಹೋಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ ಇಂದಿಗೂ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ವಾರ್ಡಿನವರು ತಪ್ಪದೆ ಬರೆದಿಟ್ಟಿದ್ದರು. ಯಾವ ಸಂಶೋಧನೆಗೆಂದೂ ಅಲ್ಲ; ಅದು ಅವರ ಕೆಲಸದ ಶಿಸ್ತಾಗಿತ್ತು. ದಶಕಗಳ ನಂತರ ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಮತ್ತು ಮೈಸೂರಿನವರು ಸೇರಿ, ಆ ದಾಖಲೆಗಳಲ್ಲಿದ್ದ ಕೂಸುಗಳು ಈಗ ಎಲ್ಲಿದ್ದಾರೆಂದು ಆಸ್ಪತ್ರೆಯ ಸುತ್ತಮುತ್ತ ಮನೆಮನೆ ತಿರುಗಿ ಹುಡುಕಿದರು. 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಪರೀಕ್ಷಿಸಿ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯ ಕಾಯಿಲೆ ಹೆಚ್ಚು ಎಂದು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬರಹದ ಬೇರು ಇರುವುದು ಸೂಲಗಿತ್ತಿ ನರ್ಸುಗಳ ಕೈಬರಹದಲ್ಲಿ.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ‘ಪಾರ್ಥೆನಾನ್’ ಅಧ್ಯಯನ ಆರಂಭವಾಯಿತು. 830 ಗರ್ಭಿಣಿಯರನ್ನು ನೋಂದಾಯಿಸಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ಆ ಮಕ್ಕಳನ್ನು ಹದಿಹರೆಯದಲ್ಲಿ ಮತ್ತೆ ಕರೆಸಿ, ಅಪರಿಚಿತರ ಮುಂದೆ ಮಾತಾಡಿಸಿ, ಬಾಯಿಲೆಕ್ಕ ಮಾಡಿಸಿ, ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆಂದು ಜೊಲ್ಲಿನ ಮಾದರಿಯಲ್ಲಿ ಅಳೆದರು. ಹದಿಮೂರರ ಮಗು ಇದಕ್ಕೆ ಒಪ್ಪಿ ಬರುತ್ತದೆ ಎಂದರೆ, ಆ ಮನೆಗೂ ತಂಡಕ್ಕೂ ಅಷ್ಟು ವರ್ಷ ಸಂಬಂಧ ಉಳಿದಿತ್ತು ಎಂದರ್ಥ. ಚಿತ್ರದುರ್ಗದ ಗಡಿಗೆ ತಾಗಿದ ಅನಂತಪುರದಲ್ಲೂ ಇಂಥ ಕೆಲಸ ನಡೆದಿದೆ. ‘ಯಂಗ್ ಲೈವ್ಸ್’ ಎಂಬ ಅಧ್ಯಯನ 2002ರಿಂದ ಅವಿಭಜಿತ ಆಂಧ್ರದ ಸುಮಾರು 3,000 ಮಕ್ಕಳ ಬದುಕನ್ನು ಹಿಂಬಾಲಿಸುತ್ತ ಬಂದಿದೆ. ಅದರ ಊರುಗಳಲ್ಲಿ ಅನಂತಪುರ ಜಿಲ್ಲೆಯವೂ ಇವೆ.

ನಮ್ಮದೇ ರಾಜ್ಯದ ಇನ್ನೊಂದು ಪಾಠ ವಿಜಯಪುರ, ಬಾಗಲಕೋಟೆಯ ‘ಸಮತಾ’ ಅಧ್ಯಯನದ್ದು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ (ಕೆಎಚ್‌ಪಿಟಿ), ಲಂಡನ್ನಿನ ಹೈಜೀನ್ ಮತ್ತು ಟ್ರಾಪಿಕಲ್ ಮೆಡಿಸಿನ್ ಶಾಲೆ ಹಾಗೂ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯ ಇದರ ಹಿಂದಿದ್ದವು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹತ್ತನೇ ತರಗತಿ ಮುಗಿಸುವಂತೆ, ಬಾಲ್ಯವಿವಾಹ ತಪ್ಪುವಂತೆ ಮಾಡುವುದು ಗುರಿ. 121 ಹಳ್ಳಿಗಳಲ್ಲಿ 80ನ್ನು ಆರಿಸಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ 40ರ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಹುಡುಗಿಯರ ಸಂಘ, ಹುಡುಗರ ಜೊತೆ ಮಾತುಕತೆ, ಪೋಷಕರ ಭೇಟಿ, ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಜೊತೆ ಕೆಲಸ. ಇನ್ನೊಂದರಲ್ಲಿ ಸರ್ಕಾರದ ಮಾಮೂಲು ಯೋಜನೆಗಳು ಮಾತ್ರ. ಹೀಗೇಕೆ ಹಂಚಬೇಕು ಎಂದು ಜನ ಕೇಳುತ್ತಾರೆ, ಕೇಳಬೇಕಾದ್ದೇ. ಉತ್ಸಾಹಿಗಳಿರುವ ಊರನ್ನೇ ನಾವು ಆರಿಸಿದರೆ ಫಲ ಬಂದದ್ದು ಯೋಜನೆಯಿಂದಲೋ ಊರಿನ ಗುಣದಿಂದಲೋ ತಿಳಿಯದು. ಚೀಟಿಗೆ ಪಕ್ಷಪಾತವಿಲ್ಲ.

ಏಳನೇ ತರಗತಿಯಲ್ಲಿದ್ದಾಗ ಪಟ್ಟಿಗೆ ಸೇರಿದ 2,457 ಹುಡುಗಿಯರಲ್ಲಿ ಮೂರು ವರ್ಷದ ನಂತರ, 2017ರ ಕೊನೆಯ ಸುತ್ತಿನಲ್ಲಿ, 2,275 ಮಂದಿ ಸಿಕ್ಕರು. ಅಂದರೆ ಶೇ 92.6. ಮದುವೆಯಾಗಿ ಗಂಡನ ಮನೆಗೆ ಹೋದವಳು, ದುಡಿಯಲು ಗುಳೆ ಹೋದವಳು ಎಲ್ಲಿದ್ದಾಳೆಂದು ಕೇಳಿಕೊಂಡು ಹೋಗುವ ಕಾರ್ಯಕರ್ತರಿಲ್ಲದೆ ಈ ಅಂಕಿ ಬರುವುದಿಲ್ಲ. ಕಾಲುಭಾಗದಷ್ಟು ಹುಡುಗಿಯರು ಪ್ರೌಢಶಾಲೆ ಮುಗಿಸಿರಲಿಲ್ಲ; ಶೇ 9.6ರಷ್ಟು ಮಂದಿಗೆ ಮದುವೆಯಾಗಿತ್ತು. ಎರಡು ಗುಂಪುಗಳ ನಡುವೆ ಒಟ್ಟಾರೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಊರುಗಳಲ್ಲೂ ಶಾಲೆಯ ಕಡೆಗಿನ ಒಲವು ಆ ಹೊತ್ತಿಗೆ ಬೆಳೆದಿತ್ತು, ಮತ್ತು ಚಟುವಟಿಕೆಗಳು ಅಂದುಕೊಂಡಷ್ಟು ಹುಡುಗಿಯರನ್ನು ಮುಟ್ಟಿರಲಿಲ್ಲ ಎಂದು ತಂಡ ಕಾರಣ ಹುಡುಕಿತು. ವರ್ಷಗಳ ದುಡಿಮೆಯ ಕೊನೆಗೆ ‘ನಾವು ಅಂದುಕೊಂಡಂತೆ ಆಗಲಿಲ್ಲ’ ಎಂದು 2019ರಲ್ಲಿ ಅಚ್ಚಿಗೆ ಕೊಟ್ಟರಲ್ಲ, ಆ ಪ್ರಾಮಾಣಿಕತೆಗೆ ನಾನು ತುಂಬ ಬೆಲೆ ಕೊಡುತ್ತೇನೆ. ಹುಡುಗಿಯರನ್ನು ಅರ್ಧಕ್ಕೇ ಕಳೆದುಕೊಂಡಿದ್ದರೆ ಸಿಹಿಸುದ್ದಿ ಬರೆಯುವುದು ಸುಲಭವಾಗುತ್ತಿತ್ತು, ಏಕೆಂದರೆ ಸಿಗದೇ ಹೋಗುವವರು ಹೆಚ್ಚಾಗಿ ಶಾಲೆ ಬಿಟ್ಟವರು, ಮದುವೆಯಾದವರು.

ಇನ್ನು ಎರಡನೆಯ ಮಾತು: ಸಿಕ್ಕ ಮಗು ಹೆದರದೆ ಮಾತಾಡಿತೇ? ಇಲ್ಲಿ ನಿಯಮಗಳಿವೆ, ಪೋಷಕರಿಗೆ ಅವು ತಿಳಿದಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಮಕ್ಕಳ ಮೇಲಿನ ಸಂಶೋಧನೆಗೆ ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕು. ಅಷ್ಟೇ ಸಾಲದು, 12ರಿಂದ 18ರ ಮಗುವಿನ ಸಮ್ಮತಿಯೂ ಬರವಣಿಗೆಯಲ್ಲಿ ಬೇಕು. ಅಪ್ಪ ಸಹಿ ಹಾಕಿದರೂ ಮಗಳು ಒಲ್ಲೆ ಎಂದರೆ ಅದು ಒಲ್ಲೆ. ನಮ್ಮ ಮನೆಗಳಲ್ಲಿ ಈ ಮಾತು ಸುಲಭವಲ್ಲ. ‘ಹೂಂ ಅನ್ನೇ, ಮೇಡಂ ಕಾಯ್ತಾ ಇದಾರೆ’ ಎಂದು ಅಜ್ಜಿಯೇ ಗದರುತ್ತಾಳೆ. ಒಳ್ಳೆಯ ಕಾರ್ಯಕರ್ತೆ ಅಲ್ಲಿ ನಿಂತು, ‘ಬೇಡ ಅಂದ್ರೂ ಪರವಾಗಿಲ್ಲ ಕಣಮ್ಮ’ ಎನ್ನುತ್ತಾಳೆ. ಹೀಗೆ ಹೇಳಿದ್ದಕ್ಕೆ ಅವಳ ದಿನದ ಲೆಕ್ಕದಲ್ಲಿ ಒಂದು ಮನೆ ಕಡಿಮೆಯಾಗಬಹುದು. ದಿನಕ್ಕೆ ಇಷ್ಟು ಮನೆ ಎಂದು ಗುರಿ ಹಾಕಿ ಅದರ ಮೇಲೆ ದುಡ್ಡು ಕೊಡುವ ಸಂಸ್ಥೆಗಳು ಇದನ್ನು ಯೋಚಿಸಬೇಕು.

ಅಧ್ಯಯನ ಶುರುವಾಗುವ ಮುನ್ನ ನೈತಿಕ ಸಮಿತಿಯ ಅನುಮತಿ ಕಡ್ಡಾಯ. ಅದರ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ಬಲ್ಲವರ ಜೊತೆಗೆ ಒಬ್ಬ ಸಾಮಾನ್ಯ ನಾಗರಿಕರೂ ಇರಬೇಕು. ಪ್ರಶ್ನಾವಳಿ ಓದಿ ‘ನನ್ನ ಮಗಳಿಗೆ ಇದನ್ನು ಹೀಗೆ ಕೇಳಬಹುದೇ’ ಎಂದು ನೋಡುವುದು ಈ ನಾಗರಿಕರ ಕೆಲಸ. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜಿದೆ, ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಇಂಥ ಕಡೆ ಸಾಮಾನ್ಯ ನಾಗರಿಕರ ಕುರ್ಚಿಯಲ್ಲಿ ಹಟ್ಟಿಯಲ್ಲಿ ಪಾಠ ಮಾಡಿದ ನಿವೃತ್ತ ಶಿಕ್ಷಕಿಯೊಬ್ಬರು ಕೂತರೆ ಎಷ್ಟೋ ಪ್ರಶ್ನೆಗಳ ಭಾಷೆ ತಾನೇ ಬದಲಾಗುತ್ತದೆ. ಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಿದ ಹುಡುಗನನ್ನು ‘ಹಲ್ಲು ದಿನಾ ಉಜ್ಜುತ್ತೀಯಾ’ ಎಂದಷ್ಟೇ ಕೇಳಿದರೆ ಅವನಿಗೆ ಅವಮಾನವಾಗುತ್ತದೆ ಎಂಬುದನ್ನು ಈ ಸೀಮೆಯವರೇ ಹೇಳಬಲ್ಲರು.

ಗುಟ್ಟಿನ ಮಾತೂ ಸ್ಪಷ್ಟವಾಗಿರಲಿ. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ’ ಎಂಬ ಭರವಸೆಗೆ ಒಂದು ಮಿತಿ ಇದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18ರ ಒಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧವಾಗಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಹುಡುಗಿ ನಂಬಿ ಹೇಳಿದ ಮೇಲೆ ಈ ಕಾನೂನು ನೆನಪಾದರೆ ಅದು ಅವಳಿಗೆ ಎರಡನೆಯ ಪೆಟ್ಟು. ಆದ್ದರಿಂದ ಮಾತು ಶುರುವಾಗುವ ಮೊದಲೇ ‘ಇಂಥದ್ದನ್ನು ಹೇಳಿದರೆ ನಾನು ಸುಮ್ಮನಿರುವಂತಿಲ್ಲ’ ಎಂದು ಸರಳವಾಗಿ ತಿಳಿಸಬೇಕು. ಕೇಳಿದ ಕಾರ್ಯಕರ್ತೆಯ ಮನಸ್ಸಿನ ಮೇಲೂ ಇದರ ಭಾರ ಬೀಳುತ್ತದೆ. ಅವಳಿಗೆ ಸಂಜೆ ಮಾತಾಡಲು ಒಬ್ಬ ಮೇಲ್ವಿಚಾರಕಿ ಇರಬೇಕು.

ನಿಮ್ಮ ಮನೆಗೆ ಯಾರಾದರೂ ಇಂಥ ಅಧ್ಯಯನ ಎಂದು ಬಂದರೆ ಬಾಗಿಲು ಹಾಕಬೇಡಿ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿ. ಯಾವ ನೈತಿಕ ಸಮಿತಿ ಒಪ್ಪಿದೆ, ರಕ್ತ ತೆಗೆದರೆ ಫಲಿತಾಂಶ ನಮಗೆ ಯಾವಾಗ ಹೇಳುತ್ತೀರಿ, ಏನಾದರೂ ತೊಂದರೆ ಕಂಡರೆ ಯಾವ ಆಸ್ಪತ್ರೆಗೆ ಕಳಿಸುತ್ತೀರಿ ಎಂದು ಕೇಳಿ. ಒಪ್ಪಿಗೆ ಪತ್ರದ ಒಂದು ಪ್ರತಿ ನಿಮ್ಮ ಬಳಿ ಉಳಿಯಬೇಕು. ಅಧ್ಯಯನ ಮುಗಿದ ಮೇಲೆ ಕಂಡದ್ದೇನು ಎಂಬುದನ್ನು ಕನ್ನಡದಲ್ಲಿ ಊರಿಗೆ ಬಂದು ಹೇಳುವುದು ಅವರ ಹೊಣೆ. ಅದಕ್ಕೆ ಜಾಗ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಉತ್ತರ ಕೊಟ್ಟ ಮಕ್ಕಳೇ ಅಲ್ಲಿ ಕೂತಿರುತ್ತಾರೆ. ವರದಿ ಮೊದಲು ಅವರ ಮುಂದೆ ಓದಲಿ, ಪ್ರಶ್ನೆ ಕೇಳುವ ಸರದಿ ಅವರದಾಗಲಿ.